ಕೆಸರಿನಲ್ಲಿ ಸಿಕ್ಕವರು

ಜೋಕಿಮ್‌ನ ಫೋನು ಬಂದಾಗ ಉಮಾವತಿ ಕುವೈತಿನ ಹವಲ್ಲಿಯ ಮನೆಯ ಅಡುಗೆಕೋಣೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದಳು. ಕೈಯೆಲ್ಲ ಮೀನಿನ ರಕ್ತ. ಸೊಸೆ ಸುಪ್ರೀತಾ ಫೋನನ್ನು ಅತ್ತೆಯ ಕಿವಿಗೆ ಹಿಡಿದು ನಿಂತಳು.

ಜೋಕಿಮ್ ಕಿನ್ನಿಗೋಳಿ ಕಡೆಯವನು. ಕುವೈತಿನ ಉತ್ತರದ ತುದಿಯಲ್ಲಿ, ಬೂಬಿಯಾನ್ ದ್ವೀಪದ ಕೆಸರುಬಯಲಿಗೆ ರಸ್ತೆ ಮಾಡುತ್ತಿದ್ದ ಕಂಪೆನಿಯೊಂದರಲ್ಲಿ ನೆಲ ಅಗೆಯುವ ಯಂತ್ರ ಓಡಿಸುತ್ತಿದ್ದ. ಊರಿನವರ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗಲೆಲ್ಲ ಉಮಾವತಿಯನ್ನು ಅಕ್ಕ ಎಂದು ಮಾತಾಡಿಸುತ್ತಿದ್ದ. ಅವಳ ಕಥೆ ಅವನಿಗೂ ಗೊತ್ತಿತ್ತು. ಕುವೈತಿನಲ್ಲಿರುವ ಕರಾವಳಿಯವರಲ್ಲಿ ಅದು ಗೊತ್ತಿಲ್ಲದವರು ಕಡಿಮೆ.

ಅವನು ಹೇಳಿದ್ದು ಇಷ್ಟು. ಬೆಳಿಗ್ಗೆ ಯಂತ್ರದ ಬಕೆಟು ಕೆಸರಿನೊಳಗೆ ಏನಕ್ಕೋ ತಾಗಿ ನಿಂತಿತು. ಆ ಕಡೆ ಇರಾಕಿನವರು ಹೂತಿಟ್ಟ, ಕಾಲಿಟ್ಟರೆ ಸಿಡಿಯುವ ಮೈನುಗಳು ಈಗಲೂ ಸಿಗುವುದುಂಟು, ಹಾಗಾಗಿ ಎಲ್ಲರೂ ಹೆದರಿ ಹಿಂದೆ ಸರಿದರು. ಮೈನು ತೆಗೆಯುವವರು ಬಂದು ಕೆರೆದು ನೋಡಿದರೆ ಮೈನಲ್ಲ, ದೋಣಿಯ ಪಕ್ಕೆಲುಬಿನ ಹಾಗೆ ಬಗ್ಗಿದ ಲೋಹದ ಪಟ್ಟಿಗಳು. ಅವುಗಳ ನಡುವೆ ಮೂಳೆ.

"ಮನುಷ್ಯರದ್ದೇ ಅಕ್ಕ. ಒಬ್ಬರದ್ದಲ್ಲ," ಎಂದ ಜೋಕಿಮ್. "ಲಾಂಚಿನ ಹಾಗೆ ಕಾಣ್ತದೆ. ಗ್ಯಾರಂಟಿ ಅಂತ ನಾನು ಹೇಳುದಿಲ್ಲ. ಆದ್ರೆ ನಿಮಗೆ ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ."

ಉಮಾವತಿ ಆಯಿತು ಎಂದಳು. ಸುಪ್ರೀತಾ ಕಿವಿಯಿಂದ ಫೋನು ತೆಗೆದ ಮೇಲೆ ಉಳಿದ ಮೀನನ್ನೂ ಶುಚಿ ಮಾಡಿ, ಉಪ್ಪು ಅರಿಸಿನ ಹಚ್ಚಿಟ್ಟು, ಕೈ ತೊಳೆದು, ಒಳಗೆ ಹೋಗಿ ಮಂಚದ ಮೇಲೆ ಕೂತಳು.

ಅವಳ ಗಂಡ ಭೋಜ ಮೆಂಡನ್ ಹೆಜಮಾಡಿಯ ಮೊಗವೀರ. ನೀರಿನ ಮೇಲಿನ ಕೆಲಸ ಬಿಟ್ಟು ಬೇರೇನೂ ಅರಿಯದ ಮನುಷ್ಯ. ಕುವೈತಿಗೆ ಬಂದ ಮೇಲೂ ಶುವೈಖ್ ಬಂದರಿನ ಒಂದು ಲಾಂಚಿನಲ್ಲೇ ಇದ್ದ. ಉತ್ತರದ ದ್ವೀಪಗಳ ಕಾವಲು ಠಾಣೆಗಳಿಗೆ ಕುಡಿಯುವ ನೀರು, ಅಕ್ಕಿ, ಡೀಸೆಲ್ ಮುಟ್ಟಿಸುವುದು ಆ ಲಾಂಚಿನ ಕೆಲಸ. ತೊಂಬತ್ತರ ಆಗಸ್ಟ್ ಒಂದರಂದು ಅದು ಬಂದರು ಬಿಟ್ಟಿತು. ಮರುದಿನ ಬೆಳಗಾಗುವಾಗ ಇರಾಕಿನ ಸೈನ್ಯ ಕುವೈತಿನ ಒಳಗಿತ್ತು. ಲಾಂಚು ವಾಪಸು ಬರಲಿಲ್ಲ. ಅದರಲ್ಲಿದ್ದವರಲ್ಲಿ ಒಬ್ಬನೂ ಬರಲಿಲ್ಲ.

ಆಗ ಉಮಾವತಿ ಊರಿನಲ್ಲಿದ್ದಳು. ಕುವೈತಿನಿಂದ ತಪ್ಪಿಸಿಕೊಂಡು ಅಮ್ಮಾನಿನ ದಾರಿಯಾಗಿ ಮುಂಬಯಿಗೆ ಬಂದವರು ಬಸ್ಸು ಹತ್ತಿ ಊರಿಗೆ ಬಂದು ಇಳಿಯುತ್ತಿದ್ದ ಕಾಲ. ಎರಡು ವರ್ಷದ ಹರ್ಷಿತ್‌ನನ್ನು ಸೊಂಟದಲ್ಲಿ ಕೂರಿಸಿಕೊಂಡು ಪಡುಬಿದ್ರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದಳು. ಇಳಿದವರ ಮುಖ ನೋಡುವುದು, ನಮ್ಮವರನ್ನು ಕಂಡಿದ್ದೀರಾ ಎಂದು ಕೇಳುವುದು. ಬಸ್ಸುಗಳು ಬರುವುದು ನಿಂತ ಮೇಲೆ ರೇಡಿಯೋ ಮುಂದೆ ಕೂತಳು. ಜನವರಿಯಲ್ಲಿ ಅಮೆರಿಕದವರು ಯುದ್ಧಕ್ಕೆ ಇಳಿದರು. ಎಂಟು ಎಂಜಿನಿನ ದೊಡ್ಡ ಬಾಂಬರ್ ವಿಮಾನಗಳು ಕುವೈತಿನಲ್ಲಿರುವ ಇರಾಕಿ ಸೈನ್ಯದ ಮೇಲೆ ಬಾಂಬು ಸುರಿಯುತ್ತಿವೆ ಎಂದು ವಾರ್ತೆಯಲ್ಲಿ ಬರುತ್ತಿತ್ತು. ಅಷ್ಟರವರೆಗೆ ಅವನನ್ನು ಸೈನಿಕರು ಹಿಡಿದಿಟ್ಟಿದ್ದಾರೆ ಎಂದು ನಂಬಿದ್ದಳು. ಹಿಡಿದಿಟ್ಟವರ ಮೇಲೆ ಬಾಂಬು ಬಿದ್ದರೆ ಹಿಡಿಸಿಕೊಂಡವನ ಮೇಲೆಯೂ ಬೀಳುತ್ತದೆ. ಆ ಎರಡು ತಿಂಗಳು ಅವಳು ನಿದ್ದೆ ಮಾಡಿದ್ದು ಕಡಿಮೆ. ಅಂದಿನಿಂದ ಬಾಂಬರ್ ಎಂಬ ಪದ ಕಿವಿಗೆ ಬಿದ್ದರೆ ಎದ್ದು ಆಚೆ ಹೋಗುತ್ತಿದ್ದಳು.

ಹರ್ಷಿತ್ ಶಾಲೆಗೆ ಹೋಗುವಷ್ಟು ದೊಡ್ಡವನಾದಾಗ ಅವನನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಉಮಾವತಿ ಹೊಲಿಗೆ ಕೆಲಸದ ವೀಸಾ ಹಿಡಿದು ಕುವೈತಿಗೆ ಬಂದಳು. ದುಡಿಯಲಿಕ್ಕೆ ಎಂದು ಎಲ್ಲರಿಗೂ ಹೇಳಿದಳು, ದುಡಿದದ್ದೂ ನಿಜ. ಆದರೆ ರಜೆಯ ದಿನಗಳಲ್ಲಿ ಶುವೈಖ್ ಬಂದರಿನ ಧಕ್ಕೆಗೆ ಹೋಗಿ ಹಳೆಯ ಲಾಂಚಿನವರನ್ನು ಹುಡುಕುತ್ತಿದ್ದಳು. ಯುದ್ಧದಲ್ಲಿ ಕಾಣೆಯಾದವರ ವಿಚಾರ ನೋಡುವ ಸರಕಾರಿ ಕಚೇರಿಗೆ ವರ್ಷವರ್ಷವೂ ಹೋಗಿ ಭೋಜನ ಹೆಸರು ಇದೆಯೇ ಎಂದು ಕೇಳಿ ಬರುತ್ತಿದ್ದಳು. ಅಲ್ಲಿನವರು ಚಹಾ ಕೊಟ್ಟು ಕೂರಿಸುತ್ತಿದ್ದರು. ಅವರ ಮನೆಗಳಲ್ಲೂ ಹಾಗೆ ಕಾಣೆಯಾದವರಿದ್ದರು. ಹರ್ಷಿತ್ ಓದಿ, ಇಲ್ಲಿಯೇ ಬ್ಯಾಂಕಿನಲ್ಲಿ ಕೆಲಸ ಹಿಡಿದು, ಮದುವೆಯಾಗಿ, ತಾಯಿಯನ್ನು ತನ್ನ ವೀಸಾದ ಮೇಲೆ ಇರಿಸಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಅವಳ ಕರಿಮಣಿ ಕುತ್ತಿಗೆಯಲ್ಲಿಯೇ ಇತ್ತು. ಹಣೆಯಲ್ಲಿ ಕುಂಕುಮ ಇತ್ತು. ಊರಿನಲ್ಲಿ ಬೊಜ್ಜ ಮಾಡಿ ಮುಗಿಸು ಎಂದು ಅಣ್ಣ ತಮ್ಮಂದಿರು ಹೇಳಿ ಸಾಕಾಗಿ ಬಿಟ್ಟಿದ್ದರು. ಕಾಣದೆ ಇರುವವನಿಗೆ ಉತ್ತರಕ್ರಿಯೆ ಹೇಗೆ ಮಾಡುವುದು ಎಂಬುದು ಅವಳ ಒಂದೇ ಮಾತು.

ಮೂಳೆ ಯಾರದೆಂದು ತಿಳಿಯಬೇಕಾದರೆ ಮಗನ ರಕ್ತ ಬೇಕು. ಇದನ್ನು ಮೊದಲೇ ಹೇಳಿದವಳು ಚಿತ್ರಾ. ಮೈಸೂರಿನವಳು, ಕುವೈತಿನಲ್ಲೇ ಮೂಳೆಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಡಾಕ್ಟರು. ರಕ್ತ ಕೊಟ್ಟಿಟ್ಟರೆ ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಎಂದು ಅವಳು ಕೆಲವು ವರ್ಷಗಳ ಹಿಂದೆಯೇ ಹರ್ಷಿತ್‌ಗೆ ಹೇಳಿದ್ದಳು. ಅವನು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದ. ತಂದೆಯ ನೆನಪೇ ಇಲ್ಲದವನಿಗೆ ತಂದೆಯನ್ನು ಹುಡುಕುವ ಆಸೆ ಎಲ್ಲಿಂದ ಬರಬೇಕು ಎಂದು ಉಮಾವತಿ ಸುಮ್ಮನಿದ್ದಳು. ಈಗ ಜೋಕಿಮ್‌ನ ಸುದ್ದಿ ಹರ್ಷಿತ್ ಕಿವಿಗೂ ಬಿತ್ತು. ಮರುದಿನ ಬ್ಯಾಂಕಿಗೆ ಹೋಗುವ ಮೊದಲು ಹೋಗಿ ರಕ್ತ ಕೊಟ್ಟು ಬಂದ.

ಆಮೇಲೆ ಕಾಯುವುದು ಶುರುವಾಯಿತು. ಮೈನಿನ ಭಯದಿಂದ ಅಗೆತ ನಿಧಾನ ನಡೆಯುತ್ತಿತ್ತು. ಮೂಳೆಗಳು ಉಪ್ಪುಕೆಸರಿನಲ್ಲಿ ನೆನೆದಿದ್ದವು, ಅವುಗಳ ಪರೀಕ್ಷೆಯೂ ನಿಧಾನ. ಉಮಾವತಿ ದೇವರ ಮೂಲೆಯ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಒಂದು ಮಣ್ಣಿನ ಹಣತೆ ಇಟ್ಟು ದಿನಾ ಸಂಜೆ ಹಚ್ಚತೊಡಗಿದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ಆ ದಿವಸಗಳಲ್ಲಿ ಅವಳು ಅತ್ತಳು. ಮೂವತ್ತೈದು ವರ್ಷ ಅಳುವುದನ್ನು ಅಪಶಕುನವೆಂದು ಹಿಡಿದಿಟ್ಟವಳು ಈಗ ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ ಅಳುತ್ತಿದ್ದಳು. ಕೆಸರಿನ ತಂಪಿನಲ್ಲಿ ಅವನು ಮಲಗಿದ್ದನ್ನು ಯೋಚಿಸುತ್ತಿದ್ದಳು. ಹತ್ತಿರವೇ ಇದ್ದನಲ್ಲ, ಕಾರಿನಲ್ಲಿ ಹೋದರೆ ಒಂದು ಮಧ್ಯಾಹ್ನದ ದಾರಿ ಎಂದು ಸುಪ್ರೀತಾಳ ಹತ್ತಿರ ಒಮ್ಮೆ ಹೇಳಿದಳು. ಅವಳ ಮುಖದಲ್ಲಿ ಆಗ ದುಃಖಕ್ಕಿಂತ ಹೆಚ್ಚಾಗಿ ಏನೋ ನೆಮ್ಮದಿಯೇ ಇತ್ತೆಂದು ಸುಪ್ರೀತಾ ಗಂಡನಿಗೆ ತಿಳಿಸಿದಳು.

ಫಲಿತಾಂಶಕ್ಕೆ ಬರಹೇಳಿದ ದಿನ ಉಮಾವತಿ ಸ್ನಾನ ಮಾಡಿ, ಕನ್ನಡಿಯ ಮುಂದೆ ನಿಂತು, ಕರಿಮಣಿಯನ್ನು ತಾನೇ ತೆಗೆದಳು. ಬೇರೆಯವರು ತೆಗೆಸುವುದು ಬೇಡವೆನಿಸಿತು. ಅದನ್ನು ಕರವಸ್ತ್ರದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟು, ಬರಿಯ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಮಗನ ಕಾರು ಹತ್ತಿದಳು.

ಚಿತ್ರಾ ಬಾಗಿಲು ಮುಚ್ಚಿ, ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಅವರ ಹತ್ತಿರವೇ ಕೂತಳು.

"ನೋಡಿ ಅಮ್ಮ, ಸುತ್ತಿ ಬಳಸಿ ಹೇಳೋದು ಬೇಡ ಅನ್ಸುತ್ತೆ," ಎಂದಳು. "ಅವು ನಿಮ್ಮ ಯಜಮಾನರ ಮೂಳೆ ಅಲ್ಲ."

ಉಮಾವತಿ ತಲೆಯಾಡಿಸಿದಳು. ಹಾಗಾದರೆ ಲಾಂಚಿನ ಬೇರೆಯವರದ್ದೇ ಎಂದು ಕೇಳಿದಳು.

ಅದು ಲಾಂಚೇ ಅಲ್ಲ ಎಂದಳು ಚಿತ್ರಾ. ಕೆಸರು ತೆಗೆದ ಮೇಲೆ ರೆಕ್ಕೆ ಕಂಡಿತು. ನಾಲ್ಕು ಎಂಜಿನು ಕಂಡವು, ಮೆಷಿನ್ ಗನ್ನುಗಳು ಸಿಕ್ಕವು. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಬಾಂಬರ್ ವಿಮಾನ. ಬಸ್ರಾದ ಕಡೆಯಿಂದ ಎದ್ದು ಇಂಡಿಯಾಕ್ಕೆ ಹೊರಟಿತ್ತಂತೆ, ಅಲ್ಲಿಂದ ಬರ್ಮಾದ ಮೇಲೆ ಬಾಂಬು ಹಾಕುವ ಸೈನ್ಯಕ್ಕೆ ಸೇರಲಿಕ್ಕೆ. ಧೂಳುಗಾಳಿಯಲ್ಲಿ ದಾರಿ ತಪ್ಪಿ ಬಿದ್ದಿರಬೇಕು. ಒಳಗಿದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಎಂಬತ್ತು ವರ್ಷ ಅದೇ ಕೆಸರಿನಲ್ಲಿದ್ದರು.

"ಬಾಂಬರಾ?" ಎಂದಳು ಉಮಾವತಿ.

ಹೌದೆಂದಳು ಚಿತ್ರಾ.

ಉಮಾವತಿ ಎದ್ದು ಹೊರಗೆ ಬಂದಳು. ಕಾರಿನಲ್ಲಿ ಕೂತು ಬಹಳ ದೂರ ಬಂದ ಮೇಲೆ, ತಾನು ಇಷ್ಟು ದಿವಸ ದೀಪ ಇಟ್ಟದ್ದು ಅವರಿಗೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅತ್ತದ್ದೂ ಅವರಿಗೆ. ಯಾರು ಗಂಡನ ತಲೆಯ ಮೇಲೆ ಬಾಂಬು ಹಾಕಿದರೆಂದು ಬೆಂದು ಹೋಗಿದ್ದಳೋ ಅಂಥವರಿಗೆ. ಅವರು ಬೇರೆ, ಇವರು ಬೇರೆ, ಯುದ್ಧವೂ ಬೇರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಉರಿಯಿತು.

ಮಗನಿಗೆ ಇದರಿಂದ ಏನೂ ಆಗಿರಲಾರದು ಎಂದು ಅವಳು ತಿಳಿದಿದ್ದಳು. ಹರ್ಷಿತ್ ಒಂದು ಪೆಟ್ರೋಲ್ ಪಂಪಿನ ಬದಿಯಲ್ಲಿ ಕಾರು ನಿಲ್ಲಿಸಿದ. ಸ್ಟೀರಿಂಗಿನ ಮೇಲೆ ತಲೆಯಿಟ್ಟ. ಅವನ ಬೆನ್ನು ಅದುರುತ್ತಿತ್ತು.

"ನನಗೆ ಸಿಗ್ಬೇಕಿತ್ತು ಅಮ್ಮ," ಎಂದ. "ಮೂಳೆಯಾದ್ರೂ ಆಗ್ತಿತ್ತು."

ಆ ಗಳಿಗೆಯಲ್ಲಿ ಉಮಾವತಿಗೆ ಒಂದು ವಿಷಯ ಅರ್ಥವಾಯಿತು. ಅವನು ರಕ್ತ ಕೊಡದೆ ಇದ್ದದ್ದು ಆಸೆ ಇಲ್ಲದೆ ಅಲ್ಲ. ಕೊಟ್ಟರೆ ಇಲ್ಲ ಎಂಬ ಉತ್ತರ ಬರಬಹುದೆಂದು ಅವನು ಹೆದರಿದ್ದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಸಣ್ಣವನಿದ್ದಾಗ ಬಿಟ್ಟು ಬಂದವಳಿಗೆ ಆ ತಲೆ ಸವರಿ ಅಭ್ಯಾಸವಿರಲಿಲ್ಲ.

ಮನೆಗೆ ಬಂದು ಕಪಾಟು ತೆರೆದಳು. ಕರಿಮಣಿ ಹಾಕಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಹಾಕಿಕೊಂಡಳು, ಆದರೆ ಅದು ಮೊದಲಿನ ಹಾಗೆ ಮೈಗೆ ಹತ್ತಲಿಲ್ಲ, ಬೇರೆ ಯಾರದ್ದೋ ಎಂಬ ಹಾಗೆ ಕುತ್ತಿಗೆಯಲ್ಲಿ ಬಿದ್ದುಕೊಂಡಿತು. ಅಂದು ಸಂಜೆ ಹಣತೆ ಹಚ್ಚಲಿಲ್ಲ. ಮರುದಿನವೂ ಇಲ್ಲ. ಊಟ ಮಾಡುತ್ತಿದ್ದಳು, ಮಾತಾಡಿಸಿದರೆ ಮಾತಾಡುತ್ತಿದ್ದಳು, ಉಳಿದ ಹೊತ್ತು ಬಾಲ್ಕನಿಯಲ್ಲಿ ಕೂತು ಎದುರಿನ ಮೊಬೈಲು ಅಂಗಡಿಗಳ ಬೋರ್ಡು ನೋಡುತ್ತಿದ್ದಳು. ಊರಿನಿಂದ ಅಣ್ಣ ಫೋನು ಮಾಡಿದರೆ ಎದ್ದು ಬರುತ್ತಿರಲಿಲ್ಲ. ಒಂದು ವಾರ ಹೀಗೆ ಕಳೆದ ಮೇಲೆ ಒಂದು ಸಂಜೆ, ಯಾಕೆಂದು ತನಗೇ ಸರಿಯಾಗಿ ತಿಳಿಯದೆ, ಎಣ್ಣೆ ಹಾಕಿ ಹಣತೆ ಹಚ್ಚಿದಳು. ಇಪ್ಪತ್ತು ವರ್ಷದ ಹುಡುಗರು ಎಂದು ಚಿತ್ರಾ ಹೇಳಿದ್ದು ಅವಳ ತಲೆಯಿಂದ ಹೋಗಿರಲಿಲ್ಲ. ಅವರಿಗೂ ಯಾರಾದರೂ ಕಾದಿರಬಹುದು, ಕಾದವರೂ ಈಗ ಸತ್ತಿರಬಹುದು ಎಂದುಕೊಂಡಳು.

ಚಳಿಗಾಲ ಮುಗಿಯುವ ಹೊತ್ತಿಗೆ ಚಿತ್ರಾಳ ಫೋನು ಬಂತು. ವಿಮಾನದಲ್ಲಿದ್ದ ಒಬ್ಬನ ಮಗಳು ಇಂಗ್ಲೆಂಡಿನಿಂದ ಬಂದಿದ್ದಾಳೆ. ಹೆಸರು ಮೊಲ್ಲಿ. ಎಂಬತ್ತು ವರ್ಷ, ಊರುಗೋಲು ಹಿಡಿದು ನಡೆಯುವವಳು, ಒಬ್ಬಳೇ ಬಂದಿದ್ದಾಳೆ. ಈ ಮೂಳೆಗಳು ತಮ್ಮವರದ್ದಾಗಿರಲಿ ಎಂದು ಆಸೆಪಟ್ಟವರು ಇಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದಳಂತೆ. ಹೆಸರು ಹೇಳದೆ, ಒಬ್ಬರು ಇದ್ದರು ಎಂದು ಚಿತ್ರಾ ಹೇಳಿದ್ದಳು. ಅವರನ್ನು ಕಾಣಬೇಕು ಎಂದಳಂತೆ ಮುದುಕಿ.

ಉಮಾವತಿ ಮೊದಲು ಆಗುವುದಿಲ್ಲ ಎಂದಳು. ಅವರ ಹತ್ತಿರ ತನಗೆ ಎಂತ ಮಾತು ಉಂಟು ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಫೋನು ಮಾಡಿ, ಎಲ್ಲಿಗೆ ಬರಬೇಕು ಎಂದು ಕೇಳಿದಳು.

ಸಾಲ್ಮಿಯಾದ ಕಡಲ ಬದಿಯ ಹೋಟೆಲಿನಲ್ಲಿ ಅವರು ಕೂತರು. ಮೊಲ್ಲಿ ಸಣ್ಣ ಮೈಯ ಹೆಂಗಸು, ಬೆಳ್ಳಗಿನ ಕೂದಲು ಮೋಟು ಮಾಡಿ ಕತ್ತರಿಸಿದ್ದಳು, ಕಿವಿಗೆ ಯಂತ್ರ. ಉಮಾವತಿಗೆ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಆಡಲಿಕ್ಕೆ ಬರುತ್ತಿರಲಿಲ್ಲ. ಚಿತ್ರಾ ನಡುವೆ ಕೂತು ಆಚೆಯದನ್ನು ಈಚೆ ಹೇಳಿದಳು. ನಿಮಗೆ ಆಸೆ ತೋರಿಸಿ ಕಸಿದುಕೊಂಡ ಹಾಗಾಯಿತು, ಅದಕ್ಕೆ ನೋವಾಯಿತು ಎಂದಳು ಮೊಲ್ಲಿ. ಚಹಾ ಬಂತು. ಉಮಾವತಿ ಕಪ್ಪನ್ನು ಮುಟ್ಟಲಿಲ್ಲ.

"ನೀವು ಪುಣ್ಯ ಮಾಡಿದ್ದೀರಿ ಅಂತ ಹೇಳಿ," ಎಂದಳು ಚಿತ್ರಾಳಿಗೆ. "ಎಂಬತ್ತು ವರ್ಷ ಕಳೆದ್ರೂ ಅಪ್ಪನ ಒಂದು ಮುಷ್ಟಿ ಮೂಳೆ ಸಿಕ್ಕಿತಲ್ಲ."

ಚಿತ್ರಾ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕಪ್ಪಿನೊಳಗೆ ಚಮಚ ತಿರುವುತ್ತ ಕೂತಳು. ಮೊಲ್ಲಿ ಇಬ್ಬರ ಮುಖವನ್ನೂ ನೋಡಿ, ಅವರೇನು ಹೇಳಿದರು ಎಂದು ಕೇಳಿದಳು. ಚಿತ್ರಾ ಕೊನೆಗೆ ಹೇಳಿದಳು. ಮುದುಕಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಉತ್ತರ ಕೊಟ್ಟಳು. ಚಿತ್ರಾ ಅದನ್ನು ಮೆಲ್ಲನೆ ಕನ್ನಡದಲ್ಲಿ ಹೇಳಿದಳು:

"ಅವರಪ್ಪ ಸಿಕ್ಕಿಲ್ಲ ಅಮ್ಮ. ಎಲ್ಲರೂ ಸಿಕ್ಕಿದ್ದಾರೆ, ಅವರೊಬ್ಬರು ಇಲ್ಲ. ಅವರು ವಿಮಾನದ ಬಾಲದಲ್ಲಿ ಕೂತು ಗನ್ನು ಹಿಡಿಯೋರು. ಬೀಳುವಾಗ ಬಾಲ ಮುರಿದು ಬೇರೆ ಎಲ್ಲೋ ಹೋಗಿದೆ. ನೀರಿನೊಳಗೆ ಇರಬಹುದು. ಇವರಿಗೆ ಇದು ಅಲ್ಲಿಂದ ಹೊರಡುವಾಗಲೇ ಗೊತ್ತಿತ್ತು. ಆದರೂ ಬಂದಿದ್ದಾರೆ."

ಉಮಾವತಿ ಮುದುಕಿಯನ್ನು ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕಕ್ಕೆ ಹೋಗಿ ಕೂತಳು.

ಮರುದಿನ ಅವರು ಬೂಬಿಯಾನಿಗೆ ಹೋದರು. ಹರ್ಷಿತ್ ರಜೆ ಹಾಕಿ ಕಾರು ಓಡಿಸಿದ. ಸೇತುವೆ ದಾಟಿದ ಮೇಲೆ ಜೋಕಿಮ್ ಕಂಪೆನಿಯ ಜೀಪು ತಂದು, ಮೈನು ತೆಗೆದ ದಾರಿಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ. ಅಲ್ಲಿ ಕಣ್ಣು ಹಾಯುವವರೆಗೂ ಬೂದು ಕೆಸರು, ಆಚೆ ಬೂದು ನೀರು. ಎಲ್ಲಿ ಕೆಸರು ಮುಗಿದು ನೀರು ಶುರುವಾಗುತ್ತದೆ ಎಂದು ಹೇಳಲಿಕ್ಕೆ ಬಾರದು. ವಿಮಾನವನ್ನು ತೆಗೆದುಕೊಂಡು ಹೋಗಿಯಾಗಿತ್ತು. ಉಳಿದದ್ದು ಒಂದು ದೊಡ್ಡ ಗುಂಡಿ, ಅದರ ತಳದಲ್ಲಿ ನಿಂತ ಉಪ್ಪುನೀರು, ಸುತ್ತ ಕಟ್ಟಿದ ಕೆಂಪು ಪಟ್ಟಿ. ಗಾಳಿ ಚಳಿಯಾಗಿತ್ತು. ಹರ್ಷಿತ್ ಜೀಪಿನ ಸೀಟಿನ ಮೇಲಿನ ಹೊದಿಕೆ ತಂದು ಮುದುಕಿಗೆ ಹೊದಿಸಿದ.

ಗುಂಡಿಯ ಹತ್ತಿರ ಹಾಕಿದ ಮರದ ಹಲಗೆಯ ಮೇಲೆ ಇಬ್ಬರೂ ಕೂತರು. ಮೊಲ್ಲಿ ತನ್ನಷ್ಟಕ್ಕೆ ಮಾತಾಡತೊಡಗಿದಳು, ಚಿತ್ರಾ ಹಿಂದೆ ನಿಂತು ಹೇಳುತ್ತ ಹೋದಳು.

ಅವಳ ತಂದೆ ಇಲ್ಲಿಗೆ ಬರುವ ಮೊದಲು ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಾರಿದ್ದ. ಸಂಜೆ ಸಾಲಾಗಿ ವಿಮಾನಗಳು ಏಳುತ್ತಿದ್ದವು. ಬೆಳಿಗ್ಗೆ ತಿಂಡಿಗೆ ಕೂತಾಗ ಇಡೀ ಮೇಜುಗಳು ಖಾಲಿ ಇರುತ್ತಿದ್ದವು. ಒಂದು ವಿಮಾನ ಹೋದರೆ ಅದರೊಳಗಿದ್ದ ಅಷ್ಟೂ ಜನ ಒಟ್ಟಿಗೆ ಹೋದ ಹಾಗೆ. ಮಧ್ಯಾಹ್ನದೊಳಗೆ ಅವರ ಹಾಸಿಗೆ ಸುತ್ತಿ ಒಯ್ಯುತ್ತಿದ್ದರು, ಸಂಜೆ ಆ ಮಂಚಗಳಿಗೆ ಹೊಸ ಹುಡುಗರು ಬರುತ್ತಿದ್ದರು. ಕೊನೆಕೊನೆಗೆ ಅವನು ಹೊಸಬರ ಹೆಸರು ಕೇಳುವುದನ್ನೇ ಬಿಟ್ಟಿದ್ದನಂತೆ. ಬಾಲದಲ್ಲಿ ಕೂರುವವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಉಳಿದ. ಉಳಿದವನಿಗೆ ರಜೆ ಕೊಟ್ಟರು, ರಜೆಯಲ್ಲಿ ಮದುವೆಯಾದ. ಆಮೇಲೆ ಪೂರ್ವಕ್ಕೆ ಕಳಿಸಿದರು. ಅಲ್ಲಿ ಇಷ್ಟು ಸಾವಿಲ್ಲ ಎಂದು ಹೆಂಡತಿಗೆ ಸಮಾಧಾನ ಹೇಳಿ ಹೊರಟ. ಯುದ್ಧದ ಜಾಗಕ್ಕೆ ಮುಟ್ಟುವ ಮೊದಲೇ ಇಲ್ಲಿ ಬಿದ್ದ. ಕಾಣೆಯಾಗಿದ್ದಾನೆ ಎಂದು ತಂತಿ ಬಂದಾಗ ಮೊಲ್ಲಿ ತಾಯಿಯ ಹೊಟ್ಟೆಯಲ್ಲಿದ್ದಳು.

ನಿಮ್ಮ ತಾಯಿ ಕಾದರೇ ಎಂದು ಉಮಾವತಿ ಕೇಳಿದಳು.

ಇಲ್ಲ ಎಂದಳು ಮೊಲ್ಲಿ. ಸತ್ತನೆಂದೇ ತಿಳಿಯಬೇಕು ಎಂದು ಸರಕಾರದಿಂದ ಬಂತು. ಕೈಯಲ್ಲಿ ಮಗು, ವಯಸ್ಸು ಸಣ್ಣದು. ಮೂರು ವರ್ಷ ಕಳೆದು ಇನ್ನೊಬ್ಬನನ್ನು ಮದುವೆಯಾದಳು. ಒಳ್ಳೆಯ ಮನುಷ್ಯ, ಮೊಲ್ಲಿಯನ್ನು ಚೆನ್ನಾಗಿ ನೋಡಿಕೊಂಡ. ಮನೆಯಲ್ಲಿ ಮೊದಲಿನವನ ಹೆಸರು ಎತ್ತುವ ಹಾಗಿರಲಿಲ್ಲ. ಆದರೆ ತಾಯಿಗೆ ಮುಪ್ಪಿನಲ್ಲಿ ಮರೆವು ಬಂತು. ಆಗ ಐವತ್ತು ವರ್ಷದ ಸಂಸಾರ ಪೂರ್ತಿ ಮರೆತುಹೋಗಿ, ಮೊದಲಿನವನೊಬ್ಬನೇ ನೆನಪಿನಲ್ಲಿ ಉಳಿದ. ನೋಡಿಕೊಳ್ಳಲು ಬರುತ್ತಿದ್ದ ನರ್ಸುಗಳ ಹತ್ತಿರ, ಅವರು ಬಂದರಾ, ಬಾಗಿಲು ಹಾಕಬೇಡಿ ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ಸತ್ತಳು.

ಉಮಾವತಿ ಗುಂಡಿಯೊಳಗಿನ ನೀರು ನೋಡುತ್ತ ಕೂತಿದ್ದಳು. ಕಾಯದೆ ಇದ್ದವಳಿಗೂ ಬಿಡುಗಡೆ ಇರಲಿಲ್ಲವಲ್ಲ ಎಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ಮಾತನ್ನು ಹೇಳಿದಳು. ಲಾಂಚಿನ ವಿಷಯ, ಬಸ್‌ಸ್ಟ್ಯಾಂಡಿನ ವಿಷಯ, ರೇಡಿಯೋದಲ್ಲಿ ಬಾಂಬರ್‌ಗಳ ಸುದ್ದಿ ಕೇಳುತ್ತ ಕೂತ ಎರಡು ತಿಂಗಳ ವಿಷಯ. ಆ ವಿಮಾನದವರಿಗೆ ತಾನು ಮನಸ್ಸಿನಲ್ಲಿ ಶಾಪ ಹಾಕಿದ್ದನ್ನೂ ಹೇಳಿದಳು. ಇದನ್ನು ಹೇಗೆ ಹೇಳಲಿ ಎಂದು ಚಿತ್ರಾ ತಡೆದಳು. ಹೇಳಿ ಎಂದಳು ಉಮಾವತಿ, ಹೇಳದಿದ್ದರೆ ತಾನು ಇಲ್ಲಿ ಕೂತದ್ದು ಸುಳ್ಳಾಗುತ್ತದೆ.

ಮೊಲ್ಲಿ ಎಲ್ಲ ಕೇಳಿ ಹೇಳಿದಳು. "ನಮ್ಮಪ್ಪ ಹಾರಿಹೋದ ಊರುಗಳಲ್ಲೂ ಮಕ್ಕಳಿದ್ದರು. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಅಪ್ಪನ ಮುಖ ನೋಡದೆ ಬೆಳೆದರೋ ನನಗೆ ಗೊತ್ತಿಲ್ಲ. ಅದನ್ನು ಯೋಚಿಸಿದರೆ ಅಳುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸುತ್ತಿತ್ತು. ಆದರೂ ಅಪ್ಪ ಬೇಕಿತ್ತು."

ಮುದುಕಿ ಉಮಾವತಿಯ ಗಂಡನ ಹೆಸರು ಕೇಳಿ, ಎರಡು ಮೂರು ಸಲ ನಾಲಗೆ ತಿರುವಿ ಭೋಜ ಎಂದಳು. ಉಮಾವತಿ ಅವಳ ತಂದೆಯ ಹೆಸರು ಕೇಳಿದಳು. ವಿಲ್ಫ್ರೆಡ್. ಜೋಕಿಮ್ ತುಸು ದೂರದಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದವನು, ತನ್ನ ದೊಡ್ಡಪ್ಪನ ಹೆಸರೂ ಅದೇ ಎಂದ.

ನೀರು ಏರುತ್ತಿತ್ತು. ಹೊರಡಬೇಕು, ಸ್ವಲ್ಪ ಹೊತ್ತಿನಲ್ಲಿ ದಾರಿ ಮುಳುಗುತ್ತದೆ ಎಂದು ಜೋಕಿಮ್ ಹೇಳಿದ. ಹರ್ಷಿತ್ ಮುದುಕಿಯ ತೋಳು ಹಿಡಿದು ಎಬ್ಬಿಸಿದ. ಅವಳು ಜೀಪಿನ ಕಡೆಗೆ ಎರಡು ಹೆಜ್ಜೆ ಹಾಕಿ ನಿಂತು, ತಿರುಗಿ ನೀರಿನ ಕಡೆಗೆ ನೋಡಿದಳು. ಆಮೇಲೆ ಪಕ್ಕದ ಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವ ದನಿಯಲ್ಲಿ, ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ತಂದೆಯನ್ನು ಕರೆದಳು. ಚಳಿಯಾಗುತ್ತಿದೆ, ಬನ್ನಿ, ನಾವು ಹೊರಟೆವು ಎಂದಳು. ಅಷ್ಟು ಇಂಗ್ಲಿಷು ಉಮಾವತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಆ ಕರೆ ಉಮಾವತಿಯ ಕಿವಿಯಲ್ಲಿತ್ತು. ಅವಳ ಊರಿನ ಕಡೆ ಬೊಜ್ಜದ ಕೊನೆಯಲ್ಲಿ ಒಂದು ಕ್ರಮ ಉಂಟು, ಸತ್ತವರನ್ನು ಒಳಗೆ ಕರೆಯುವುದು. ಮನೆಯವರು ಬಾಗಿಲಲ್ಲಿ ನಿಂತು, ಹೆಸರು ಹಿಡಿದು, ಇನ್ನು ಹೊರಗೆ ಅಲೆಯುವುದು ಬೇಡ, ಹಿರಿಯರ ಜೊತೆ ಸೇರಿ ಒಳಗೆ ಬನ್ನಿ ಎಂದು ಕರೆಯುತ್ತಾರೆ. ಕರೆಯದಿದ್ದರೆ ಅವರು ಹೊರಗೇ ಉಳಿಯುತ್ತಾರೆ. ಭೋಜನನ್ನು ಸಾಯಿಸಬಾರದೆಂದು ತಾನು ಇಷ್ಟು ವರ್ಷ ಹಟ ಹಿಡಿದದ್ದು, ಅವನನ್ನು ಹೊರಗೆ ನಿಲ್ಲಿಸಿದ ಹಾಗೆ ಆಗಿತ್ತೇನೋ ಎಂದು ಅವಳಿಗೆ ಅನ್ನಿಸಿತು. ಹಾಗಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಹವಲ್ಲಿಗೆ ಬಂದು ಲಿಫ್ಟಿನಲ್ಲಿ ನಿಂತಿದ್ದಾಗ ಮಗನಿಗೆ ಹೇಳಿದಳು:

"ಬೊಜ್ಜ ಮಾಡುವ. ನೀನು ಕರಿ."

ಹರ್ಷಿತ್ ಊರಿಗೆ ಹೋಗಿ, ಹೆಜಮಾಡಿಯ ಕಡಲ ಬದಿಯಲ್ಲಿ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿಸಿ ದಹನ ಮಾಡಿ, ತಲೆ ಬೋಳಿಸಿಕೊಂಡು ಬಂದ. ಒಳಗೆ ಕರೆಯುವುದನ್ನೂ ಅಲ್ಲಿಯೇ ಮಾಡಬೇಕು ಎಂದು ಮಾವಂದಿರು ಹೇಳಿದರು. ಅಲ್ಲಿ ಯಾವ ಬಾಗಿಲು ಉಂಟು ಎಂದು ಕೇಳಿದಳು ಉಮಾವತಿ. ಭೋಜ ಹುಟ್ಟಿದ ಮನೆಯನ್ನು ಕಡಲು ಕೊರೆದುಕೊಂಡು ಹೋಗಿ ಎಷ್ಟೋ ಮಳೆಗಾಲ ಕಳೆದಿತ್ತು. ಅವನು ಕೊನೆಗೆ ಇದ್ದದ್ದು ಈ ಊರಿನಲ್ಲಿ, ತಾವು ಇರುವುದೂ ಈ ಊರಿನಲ್ಲಿ. ಇಲ್ಲಿಗೇ ಬರಲಿ ಎಂದಳು. ಸಂಘದ ಹಿರಿಯರೊಬ್ಬರು, ಕ್ರಮ ತಿಳಿದವರು, ಬಂದು ನಡೆಸಿಕೊಡಲು ಒಪ್ಪಿದರು.

ಒಂದು ಶುಕ್ರವಾರ ಮಧ್ಯಾಹ್ನ ಸುಪ್ರೀತಾ ಎಲೆ ಹಾಕಿ ಅನ್ನ, ಮೀನಿನ ಸಾರು, ಭೋಜನಿಗೆ ಇಷ್ಟವಿದ್ದ ಒಣ ಸಿಗಡಿಯ ಚಟ್ನಿ ಬಡಿಸಿದಳು. ಉಮಾವತಿ ಆ ಬೆಳಿಗ್ಗೆ ಕುಂಕುಮ ಇಟ್ಟಿರಲಿಲ್ಲ, ಕರಿಮಣಿ ಹಾಕಿರಲಿಲ್ಲ. ಮುಂಬಾಗಿಲು ತೆರೆದರು. ಮೂರನೇ ಮಹಡಿಯ ಕಾರಿಡಾರು, ಎದುರಿನ ಮನೆಯ ಚಪ್ಪಲಿಗಳು, ಗೋಡೆಯ ಮೇಲೆ ಕರೆಂಟು ಮೀಟರು. ಹರ್ಷಿತ್ ಹೊಸ್ತಿಲಲ್ಲಿ ನಿಂತ. ಹಿರಿಯರು ಹೇಳಿಕೊಟ್ಟರು. ಅವನ ಬಾಯಿಂದ ಮಾತು ಹೊರಡಲಿಲ್ಲ. ಬುದ್ಧಿ ಬಂದಾಗಿನಿಂದ ಅವನು ಯಾರನ್ನೂ ಅಪ್ಪ ಎಂದು ಕರೆದವನಲ್ಲ. ಇನ್ನೊಮ್ಮೆ ಹೇಳಿಕೊಟ್ಟರು. ಉಮಾವತಿ ಹಿಂದಿನಿಂದ ಬಂದು ಅವನ ಬೆನ್ನಿಗೆ ಕೈಯಿಟ್ಟಳು.

"ಅಪ್ಪಾ," ಎಂದ ಹರ್ಷಿತ್. "ಒಳಗೆ ಬನ್ನಿ."

ಎಲೆಯ ಹತ್ತಿರ ದೀಪ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತರು. ಸತ್ತವರು ಉಣ್ಣುವ ಹೊತ್ತು ಅದು, ಯಾರೂ ಮಾತಾಡಬಾರದು. ಬಾಗಿಲು ತೆರೆದಾಗ ಅನ್ನ ಬಡಿಸಿದ ಹಾಗೆಯೇ ಇತ್ತು. ಬಂದಿದ್ದನೋ ಇಲ್ಲವೋ ಉಮಾವತಿಗೆ ತಿಳಿಯಲಿಲ್ಲ. ತಿಳಿಯುತ್ತದೆ ಎಂದು ಅವಳು ಅಂದುಕೊಂಡಿದ್ದಳು.

ಬೇಸಗೆಯ ಮೊದಲಲ್ಲಿ ಚಿತ್ರಾ ಫೋನು ಮಾಡಿದಳು. ವಿಮಾನದವರನ್ನು ಒಂದೇ ಸಮಾಧಿಯಲ್ಲಿ ಮಣ್ಣು ಮಾಡಿದರಂತೆ. ಕಲ್ಲಿನ ಮೇಲೆ ವಿಲ್ಫ್ರೆಡನ ಹೆಸರನ್ನೂ ಕೆತ್ತಿದ್ದಾರೆ, ಅವನು ಅದರೊಳಗೆ ಇಲ್ಲದಿದ್ದರೂ. ಮೊಲ್ಲಿಗೆ ಅಲ್ಲಿಗೆ ಹೋಗಲಾಗಲಿಲ್ಲ, ಕಾಯಿಲೆ ಬಿದ್ದಿದ್ದಾಳೆ, ಇನ್ನು ಏಳುವ ಹಾಗೆ ಕಾಣುವುದಿಲ್ಲ. ಇಷ್ಟು ಹೇಳಿ, ತುಸು ತಡೆದು, ಇನ್ನೊಂದು ಕೇಳಬೇಕಿತ್ತು ಎಂದಳು ಚಿತ್ರಾ. ಕ್ರಿಯೆಯೆಲ್ಲ ಮುಗಿಯಿತಲ್ಲ, ಹರ್ಷಿತ್‌ನ ರಕ್ತದ ಮಾದರಿ ಇನ್ನೂ ಇಟ್ಟುಕೊಂಡಿರಬೇಕೇ, ತೆಗೆದುಬಿಡಬೇಕೇ?

"ಇರ್ಲಿ," ಎಂದಳು ಉಮಾವತಿ. "ಯಾವತ್ತಾದ್ರೂ ಸಿಕ್ಕಿದ್ರೆ, ಅವ್ರಿಗೆ ಯಾರೂ ಇಲ್ಲ ಅಂತ ಆಗ್ಬಾರ್ದು."

ಆ ವರ್ಷ ಬೂಬಿಯಾನಿನ ರಸ್ತೆ ಮುಗಿಯಿತು. ಗುಂಡಿಗೆ ಮಣ್ಣು ತುಂಬಿಸಿ ಸಮ ಮಾಡಿದರು. ಈಗ ಅದರ ಮೇಲೆ ಡಾಮರು ಇದೆ, ಲಾರಿಗಳು ಓಡಾಡುತ್ತವೆ.